ಥೈರಾಯ್ಡ್ ಕ್ಯಾನ್ಸರಿಗೆ ಸಕ್ಕರೆ ಕಾಯಿಲೆಯ ಮಾತ್ರೆ: ರೋಗಿಗಳ ಮುಂದೆ ಕೂತು ಕಲಿತದ್ದು

1. ಏನೇನು ನುಂಗುತ್ತಿದ್ದೀರಿ ಎಂದು ಬಾಯಿಬಿಟ್ಟು ಕೇಳಬೇಕು

ಥೈರಾಯ್ಡ್ ಪೂರ್ತಿ ತೆಗೆಸಿಕೊಂಡು ಎರಡು ತಿಂಗಳಾಗಿದ್ದ ತಾಯಿಯೊಬ್ಬರು ಮಗಳೊಂದಿಗೆ ಬಂದಿದ್ದರು. ಪ್ಯಾಪಿಲರಿ ಕ್ಯಾನ್ಸರ್, ಕುತ್ತಿಗೆಯ ದುಗ್ಧಗ್ರಂಥಿಗಳಿಗೂ ಹಬ್ಬಿತ್ತು. ರೇಡಿಯೋ ಅಯೋಡಿನ್ ಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರೂ ಅವರು ಹೋಗಿರಲಿಲ್ಲ. ಮುಖ ಊದಿತ್ತು, ದನಿ ದಪ್ಪವಾಗಿತ್ತು. ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದಾಗ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಲೆವೋಥೈರಾಕ್ಸಿನ್ ಬಾಟಲಿಯ ಸೀಲು ಹಾಗೇ ಇತ್ತು. ಪಕ್ಕದಲ್ಲಿ ಅರ್ಧ ಖಾಲಿಯಾದ ಮೆಟ್‌ಫಾರ್ಮಿನ್ ಪಟ್ಟಿ. ಸಕ್ಕರೆ ಕಾಯಿಲೆ ಇದ್ದದ್ದು ಅವರ ಯಜಮಾನರಿಗೆ.

“ಮೊಬೈಲಲ್ಲಿ ನೋಡಿದ್ವಿ ಸಾರ್, ಇದು ಕ್ಯಾನ್ಸರ್ ಗಡ್ಡೆ ಕರಗಿಸುತ್ತಂತೆ. ಅಮ್ಮನಿಗೆ ಅಯೋಡಿನ್ ಅಂದ್ರೆ ಭಯ,” ಎಂದಳು ಮಗಳು.

ಗದರಿದ್ದರೆ ಮುಂದಿನ ಸಲ ಮುಚ್ಚಿಡುತ್ತಿದ್ದರು. ಇಬ್ಬರನ್ನೂ ಕೂರಿಸಿಕೊಂಡು ಮೊದಲಿಂದ ವಿವರಿಸಿದೆ. ಅಯೋಡಿನ್ ಆಯಿತು. ಏನೇನು ನುಂಗುತ್ತಿದ್ದೀರಿ ಎಂದು ಅಂದಿನಿಂದ ಯಾರನ್ನೂ ಕೇಳದೆ ಬಿಟ್ಟಿಲ್ಲ.

2. ಮೆಟ್‌ಫಾರ್ಮಿನ್ ಕ್ಯಾನ್ಸರಿಗೂ ಆದೀತೆಂಬ ಯೋಚನೆಯನ್ನು ಹುರುಳಿಲ್ಲದ್ದೆಂದು ತಳ್ಳಿಹಾಕಬಾರದು

ಮೆಟ್‌ಫಾರ್ಮಿನ್‌ನ ಬೇರು ಯುರೋಪಿನ ಗ್ಯಾಲೆಗಾ ಎಂಬ ಗಿಡದಲ್ಲಿದೆ. ಮೆಟ್‌ಫಾರ್ಮಿನ್ ಅನ್ನು ಸಕ್ಕರೆ ಕಾಯಿಲೆಗೆ ಕೊಟ್ಟು ನೋಡಿದ ವರದಿಯನ್ನು ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಪ್ರಕಟಿಸಿದರು. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಕ್ಯಾನ್ಸರ್ ಕಡಿಮೆ ಕಂಡಿದೆ ಎಂದು 2005ರಲ್ಲಿ ಸ್ಕಾಟ್ಲೆಂಡಿನ ಟೇಸೈಡ್ ಪ್ರಾಂತ್ಯದ ದಾಖಲೆಗಳಿಂದ ವರದಿಯಾಯಿತು. ಅದಕ್ಕೆ ಕಾರಣವೂ ಊಹೆಗೆ ನಿಲುಕುತ್ತದೆ. ಇದು ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ಶಕ್ತಿಯ ಉತ್ಪಾದನೆ ತಗ್ಗಿಸುತ್ತದೆ. ಆಗ ಎಎಂಪಿಕೆ ಎಂಬ ಕಿಣ್ವ ಎಚ್ಚೆತ್ತು, ಬೆಳವಣಿಗೆಗೆ ಅಪ್ಪಣೆ ಕೊಡುವ ಎಂಟಾರ್ ಅನ್ನು ಅಡಗಿಸುತ್ತದೆ. ರಕ್ತದ ಇನ್ಸುಲಿನ್ ಕೂಡ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಥೈರಾಯ್ಡ್ ಕ್ಯಾನ್ಸರ್ ಕೋಶಗಳೂ ಇದಕ್ಕೆ ಸೊರಗುತ್ತವೆ.

3. ಗಾಜಿನ ತಟ್ಟೆಯ ಲೆಕ್ಕ ಬೇರೆ, ಮೈಯ ಲೆಕ್ಕ ಬೇರೆ

ನಾನು ತಡವಾಗಿ ಕಲಿತ ಪಾಠವಿದು. ಅಂಥ ಪ್ರಯೋಗಗಳಲ್ಲಿ ಕೋಶಗಳ ಮೇಲೆ ಹಾಕುವ ಮೆಟ್‌ಫಾರ್ಮಿನ್ ಹೆಚ್ಚಾಗಿ ಮಿಲಿಮೋಲಾರ್ ಮಟ್ಟದ್ದು. ಮಾತ್ರೆ ನುಂಗಿದವರ ರಕ್ತದಲ್ಲಿ ಸಿಗುವುದು ಕೆಲವೇ ಹತ್ತು ಮೈಕ್ರೋಮೋಲಾರ್. ಎಷ್ಟೋ ಪಟ್ಟು ಕಡಿಮೆ. ಹಾಗೆಂದು ಡೋಸ್ ಏರಿಸುತ್ತ ಹೋದರೆ ಹೊಟ್ಟೆ ತಡೆಯುವುದಿಲ್ಲ. ಮೂತ್ರಪಿಂಡ ಸೋತವರಲ್ಲಿ ರಕ್ತ ಆಮ್ಲವಾಗುವ ಅಪಾಯವೂ ಇದೆ.

ಹಳೆಯ ದಾಖಲೆಗಳಲ್ಲೂ ಒಂದು ಮೋಸವಿದೆ. ಹೆಚ್ಚು ಕಾಲ ಬದುಕಿದವರು ತಾನೇ ಹೆಚ್ಚು ಕಾಲ ಮಾತ್ರೆ ನುಂಗುವುದು! ಆ ಆಯುಸ್ಸನ್ನೇ ಮಾತ್ರೆಯ ಖಾತೆಗೆ ಬರೆದುಬಿಟ್ಟರೆ ಲೆಕ್ಕ ತಪ್ಪುತ್ತದೆ. ಚೀಟಿ ಎತ್ತಿದಂತೆ ಗುಂಪು ಮಾಡಿ ಮೆಟ್‌ಫಾರ್ಮಿನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗ ನಡೆದದ್ದು ಸ್ತನ ಕ್ಯಾನ್ಸರಿನಲ್ಲಿ, 3,649 ಜನರ ಮೇಲೆ. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ರೋಗ ಮರಳುವುದನ್ನು ಅದು ತಡೆಯಲಿಲ್ಲ. ಥೈರಾಯ್ಡ್ ಬೇರೆಯೇ ಇರಬಹುದು, ಆದರೆ ಅದನ್ನು ಅಷ್ಟೇ ಕಟ್ಟುನಿಟ್ಟಾಗಿ ತೋರಿಸಿಕೊಟ್ಟ ಹೊರತು ನಾನು ಚೀಟಿ ಬರೆಯಲಾರೆ.

4. ನನ್ನ ನಿರೀಕ್ಷೆ ಇರುವುದು ಬೀಗಕ್ಕೆ ಹೊಂದುವ ಕೀಲಿಯ ಮೇಲೆ

ಕೆಲವು ಫಾಲಿಕ್ಯುಲರ್ ಕ್ಯಾನ್ಸರುಗಳಲ್ಲಿ ಪ್ಯಾಕ್ಸ್8 ಮತ್ತು ಪಿಪಿಎಆರ್ ಗಾಮಾ ಎಂಬ ಎರಡು ಜೀನ್‌ಗಳು ಬೆಸೆದುಕೊಂಡಿರುತ್ತವೆ. ಇದು ಗೊತ್ತಾದದ್ದು 2000ದಲ್ಲಿ. ಸಕ್ಕರೆ ಕಾಯಿಲೆಯ ಪಿಯೋಗ್ಲಿಟಜೋನ್ ಹಿಡಿಯುವುದೂ ಇದೇ ಪಿಪಿಎಆರ್ ಗಾಮಾವನ್ನು. ಈ ಬೆಸುಗೆ ಇರುವ ಇಲಿಗಳಿಗೆ ಆ ಮಾತ್ರೆ ಕೊಟ್ಟಾಗ ಗಡ್ಡೆ ಕುಗ್ಗಿತು. ಉಳಿದ ಕ್ಯಾನ್ಸರ್ ಕೋಶಗಳು ಕೊಬ್ಬಿನ ಕೋಶಗಳಂತಾದವು. ಎಲ್ಲರಿಗೂ ಒಂದೇ ಮಾತ್ರೆ ಹಂಚುವುದಕ್ಕಿಂತ, ಗಡ್ಡೆಯ ಜೀನ್ ನೋಡಿ ಆರಿಸಿದವರಲ್ಲಿ ಪರೀಕ್ಷಿಸುವ ದಾರಿ ನನಗೆ ಸರಿ ಕಾಣುತ್ತದೆ. ಆದರೂ ಎಚ್ಚರ ಬೇಕು. ಪಿಯೋಗ್ಲಿಟಜೋನ್‌ನಿಂದ ಮೈಯಲ್ಲಿ ನೀರು ತುಂಬುತ್ತದೆ, ಹೃದಯ ಸೋತವರಿಗೆ ಅದು ಸಲ್ಲದು. ಮೂತ್ರಕೋಶದ ಕ್ಯಾನ್ಸರಿನ ಆತಂಕದಿಂದ 2013ರಲ್ಲಿ ನಮ್ಮ ಸರ್ಕಾರ ಅದನ್ನು ಕೆಲಕಾಲ ನಿಲ್ಲಿಸಿ, ಎಚ್ಚರಿಕೆಯ ಸೂಚನೆಯೊಂದಿಗೆ ಮತ್ತೆ ಬಿಟ್ಟಿತು.

5. ಮನೆತನದ ಕಾಯಿಲೆ ಕೇಳದೆ ಸೆಮಾಗ್ಲುಟೈಡ್ ಬರೆಯಬಾರದು

ಸಕ್ಕರೆ ಕಾಯಿಲೆಯ ಔಷಧಗಳೇ ಆದ ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಕೊಟ್ಟ ಇಲಿಗಳಲ್ಲಿ ಥೈರಾಯ್ಡಿನ ಸಿ ಕೋಶಗಳ ಗಡ್ಡೆ ಬೆಳೆದಿತ್ತು. ಮನುಷ್ಯರಲ್ಲಿ ಹಾಗಾಗುತ್ತದೆಂದು ಸಾಬೀತಾಗಿಲ್ಲ. ಆದರೂ ತಮಗಾಗಲೀ ಮನೆಯವರಿಗಾಗಲೀ ಈ ಸಿ ಕೋಶಗಳಲ್ಲೇ ಹುಟ್ಟುವ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಇವು ನಿಷಿದ್ಧ. “ಸಕ್ಕರೆ ಮಾತ್ರೆ ಥೈರಾಯ್ಡ್ ಕ್ಯಾನ್ಸರಿಗೆ ಒಳ್ಳೇದಂತೆ” ಎಂದವರಿಗೆ ಯಾವ ಮಾತ್ರೆ, ಯಾವ ಕ್ಯಾನ್ಸರ್ ಎಂದು ಮೊದಲು ಕೇಳುತ್ತೇನೆ.

6. ಪೆಟ್ ಸ್ಕ್ಯಾನಿಗೆ ಮುಂಚೆ ನೆನಪಿರಲಿ

ಮೆಟ್‌ಫಾರ್ಮಿನ್ ತೆಗೆದುಕೊಂಡವರ ಕರುಳು ಸ್ಕ್ಯಾನಿನಲ್ಲಿ ಝಗ್ ಎಂದು ಬೆಳಗುತ್ತದೆ. ಆ ಬೆಳಕಿನಲ್ಲಿ ಗಡ್ಡೆ ಮರೆಯಾಗದಿರಲೆಂದು ಸಾಮಾನ್ಯವಾಗಿ 48 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತೇವೆ.

7. ಅನಾಪ್ಲಾಸ್ಟಿಕ್ ಕ್ಯಾನ್ಸರಿನಲ್ಲಿ ದಿನವೂ ಅಮೂಲ್ಯ

ಸಕ್ಕರೆ ಕಾಯಿಲೆಯೂ ಇರುವ ಥೈರಾಯ್ಡ್ ಕ್ಯಾನ್ಸರ್ ರೋಗಿಗೆ ಮೆಟ್‌ಫಾರ್ಮಿನ್ ಒಗ್ಗುತ್ತಿದ್ದರೆ ಸಂತೋಷದಿಂದ ಮುಂದುವರಿಸುತ್ತೇನೆ. ಸಕ್ಕರೆ ಕಾಯಿಲೆ ಇಲ್ಲದವರಿಗೆ ಒಪ್ಪಿಗೆ ಪಡೆದು ನಡೆಸುವ ಪ್ರಯೋಗದೊಳಗೆ ಮಾತ್ರ. ಈ ನಿಯಮ ಪಾಲಿಸಲು ಅತಿ ಕಷ್ಟವಾಗುವುದು ಅನಾಪ್ಲಾಸ್ಟಿಕ್ ಎಂಬ ಉಗ್ರ ಬಗೆಯ ಥೈರಾಯ್ಡ್ ಕ್ಯಾನ್ಸರ್ ಬಂದ ರೋಗಿಯ ಮಕ್ಕಳು ಬಂದಾಗ. ಗಡ್ಡೆ ವಾರದಿಂದ ವಾರಕ್ಕೆ ಬೆಳೆದು ಉಸಿರಿನ ನಾಳ ಒತ್ತುತ್ತಿರುತ್ತದೆ. “ಏನಾದ್ರೂ ಕೊಡಿ ಸಾರ್” ಎನ್ನುತ್ತಾರೆ. ಮೆಟ್‌ಫಾರ್ಮಿನ್ ಬರೆದುಕೊಟ್ಟರೆ ಅವರಿಗೂ ನನಗೂ ಆ ಗಳಿಗೆಗೆ ಸಮಾಧಾನವಾದೀತು. ಅದರ ಬದಲು ಬಯಾಪ್ಸಿಯ ಬ್ಲಾಕನ್ನು ಅಂದೇ ಬಿಆರ್‌ಎಎಫ್ ಜೀನಿನ ಪರೀಕ್ಷೆಗೆ ಕಳಿಸುತ್ತೇನೆ. ಅದರಲ್ಲಿ ವಿ600ಇ ಬದಲಾವಣೆ ಸಿಕ್ಕರೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಔಷಧಗಳ ಜೋಡಿ ಇದೆ. ಅಮೆರಿಕದಲ್ಲಿ 2018ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ವರದಿ ಬರುವ ತನಕ ಸುಮ್ಮನಿರದೆ ಲ್ಯಾಬಿಗೆ ದಿನವೂ ಫೋನ್ ಮಾಡುತ್ತೇನೆ.