ದದ್ದಿಲ್ಲದ ತುರಿಕೆ

ಬಸುರಿಯಾದವಳು ಏನು ಹೇಳಿಕೊಂಡರೂ ನಮ್ಮ ಕಡೆ ಒಂದೇ ಉತ್ತರ: ‘ಇದ್ದದ್ದೇ ಬಿಡು.’ ವಾಂತಿ, ಎದೆಯುರಿ, ಸೊಂಟನೋವು, ಕಬ್ಬಿಣದ ಮಾತ್ರೆ ಶುರುವಾದ ಮೇಲಿನ ಮಲಬದ್ಧತೆ, ಇವೆಲ್ಲ ಇದ್ದದ್ದೇ ಎಂದು ನಾನೂ ಒಪ್ಪುತ್ತೇನೆ. ಉಂಡ ತಕ್ಷಣ ಮಲಗದೆ, ತಲೆಯ ಕಡೆ ಎತ್ತರಿಸಿಕೊಂಡು ಎದೆಯುರಿ ಸುಧಾರಿಸಿದೆ. ರಾತ್ರಿ ಮೀನಖಂಡ ಹಿಡಿದರೆ ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯುತ್ತಿದ್ದೆ, ಬಿಡುತ್ತಿತ್ತು. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆಗೂ ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ನುಂಗಬೇಡಿ ಎಂದು ಆಶಾ ಕಾರ್ಯಕರ್ತೆ ಹೇಳಿದ್ದನ್ನೂ ಪಾಲಿಸಿದೆ. ಅವುಗಳ ಬಗ್ಗೆ ಇಷ್ಟು ಸಾಕು. ನನಗೆ ಹೇಳಬೇಕಿರುವುದು ತುರಿಕೆಯ ವಿಷಯ.

ಎಂಟನೇ ತಿಂಗಳಲ್ಲಿ ಶುರುವಾಯಿತು. ಹೊಟ್ಟೆಯ ಮೇಲಲ್ಲ, ಅಂಗೈ ಅಂಗಾಲಿನಲ್ಲಿ. ನನ್ನ ಓರಗಿತ್ತಿ ಮೂರು ಹೆತ್ತವರು, ಹಾಗಾಗಿ ಮನೆಗೆ ಅವರೇ ಡಾಕ್ಟರು. “ಚರ್ಮ ಹಿಗ್ಗುತ್ತೆ ಕಣೇ, ತುರಿಸದೆ ಇರುತ್ತಾ? ಪಿತ್ತಾನೂ ಜಾಸ್ತಿಯಾಗಿದೆ, ಮುರುಗಲು ಪಾನಕ ಕುಡಿ” ಅಂದರು. ಅಂಗಾಲಿನ ಚರ್ಮ ಯಾವ ಬಸುರಿಗೆ ಹಿಗ್ಗಿತ್ತೋ ದೇವರೇ ಬಲ್ಲ. ಕುಡಿದೆ. ಕೊಬ್ಬರಿ ಎಣ್ಣೆಯನ್ನೂ ಹಚ್ಚಿದೆ. ತಪಾಸಣೆಗೆ ಹೋದಾಗ ಬಿಪಿ ನೋಡುವ ನರ್ಸಮ್ಮನಿಗೆ ಹೇಳಿದೆ. ಕೈ ಹೊರಳಿಸಿ ನೋಡಿ, “ಒಂದು ದದ್ದೂ ಇಲ್ಲವಲ್ಲಮ್ಮ” ಎಂದು ಕ್ಯಾಲಮೈನ್ ಲೋಷನ್ ತಗೊಳ್ಳಲು ಹೇಳಿ ಮುಂದಿನವಳನ್ನು ಕರೆದರು. ತಾಯಿ ಕಾರ್ಡಿನಲ್ಲಿ ತುರಿಕೆಯ ಬಗ್ಗೆ ಒಂದಕ್ಷರ ಬೀಳಲಿಲ್ಲ. ದದ್ದಿಲ್ಲದೆ ತುರಿಸುತ್ತಿದೆ ಎನ್ನುವುದಕ್ಕೇ ಅವರು ಎಚ್ಚೆತ್ತುಕೊಳ್ಳಬೇಕಿತ್ತು. ಓರಗಿತ್ತಿಗೆ ಗೊತ್ತಿರಲಿಲ್ಲ, ಸರಿ. ಇದೇ ಕೆಲಸಕ್ಕೆ ಕೂತವರಿಗೆ?

ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅದು ಏಳುತ್ತಿತ್ತು. ತುರಿಕೆ ಚರ್ಮದ ಮೇಲಿರಲಿಲ್ಲ, ಎಲ್ಲೋ ಒಳಗಿತ್ತು. ಉಗುರು ಅಲ್ಲಿಗೆ ಮುಟ್ಟುವುದೇ ಇಲ್ಲ. ಒಂದು ರಾತ್ರಿ ತಡೆಯಲಾರದೆ ಬಚ್ಚಲಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ತಣ್ಣೀರಿನ ಬಕೆಟ್ಟಿಗೆ ಒಂದೊಂದೇ ಕಾಲು ಇಳಿಸಿದೆ. ನೀರಲ್ಲಿರುವಷ್ಟು ಹೊತ್ತು ಸುಖ, ತೆಗೆದರೆ ಇಮ್ಮಡಿ. ಹಣಿಗೆ ತಂದು ಅಂಗೈ ಕೆರೆದುಕೊಂಡೆ. ಕೊನೆಗೆ ಹೊಸಿಲ ಬಳಿಯ ತೆಂಗಿನ ನಾರಿನ ಮ್ಯಾಟಿನ ಮೇಲೆ ನಿಂತು, ಒಂದು ಕೈ ಗೋಡೆಗೆ, ಒಂದು ಕೈ ಹೊಟ್ಟೆಗೆ ಕೊಟ್ಟು, ಅಂಗಾಲು ಉಜ್ಜತೊಡಗಿದೆ. ಉಜ್ಜಿದಷ್ಟೂ ಬೇಕೆನಿಸುತ್ತಿತ್ತು. ಒಳಗೆ ಮಗು ಒದೆಯುತ್ತಿದ್ದರೂ ಅದರ ಕಡೆ ನನ್ನ ಗಮನವಿರಲಿಲ್ಲ. ಸದ್ದಿಗೆ ಇವರು ಎದ್ದು ಬಂದು, “ಇದೇನೇ, ಈ ಹೊತ್ತಲ್ಲಿ ಯಕ್ಷಗಾನ?” ಎಂದು ನಗುತ್ತ ಲೈಟು ಹಾಕಿದರು. ಮ್ಯಾಟಿನ ತುಂಬ ರಕ್ತದ ಕಲೆ. ಆಮೇಲೆ ಅವರು ಏನೂ ಮಾತಾಡಲಿಲ್ಲ, ಕಾರು ಇರುವ ಪಕ್ಕದ ಮನೆಯವರಿಗೆ ಫೋನು ಹಚ್ಚಿದರು.

ಬೆಳಿಗ್ಗೆ ಶಿವಮೊಗ್ಗದಲ್ಲಿ ಬೇರೆ ಡಾಕ್ಟರು. ನಾನು ತುರಿಕೆ ಅನ್ನುತ್ತಿದ್ದಂತೆಯೇ ಅವರು ಕೇಳಿದ್ದು, “ಅಂಗಾಲಿನಲ್ಲಾ? ರಾತ್ರಿ ಜಾಸ್ತಿಯಾ? ಮೂತ್ರದ ಬಣ್ಣ ಕಡುವಾಗಿದೆಯಾ?” ಮೂರಕ್ಕೂ ಹೌದು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಕೆಲವರಿಗೆ ಹಾರ್ಮೋನುಗಳ ಪ್ರಭಾವದಿಂದ ಪಿತ್ತಜನಕಾಂಗದಿಂದ ಪಿತ್ತರಸ ಸರಿಯಾಗಿ ಹರಿಯುವುದಿಲ್ಲವಂತೆ. ಅದರ ಆಮ್ಲ ರಕ್ತದಲ್ಲಿ ಏರುತ್ತದೆ. ಹೆಸರು ಕೊಲೆಸ್ಟಾಸಿಸ್. ಲಿವರ್ ಪರೀಕ್ಷೆಯ ವರದಿ ಅಂದೇ ಬಂತು, ಆಮ್ಲದ ಪರೀಕ್ಷೆಗೆ ರಕ್ತ ಬೆಂಗಳೂರಿಗೆ ಹೋಗಬೇಕಾಯಿತು. ಬಸುರಿಯರಲ್ಲಿ ಅದು 19 ಮೈಕ್ರೊಮೋಲ್ ಒಳಗಿರಬೇಕು. 100 ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಏರುತ್ತದೆ. ನನ್ನದು 40 ದಾಟಿತ್ತು. ಆ ಹಾಳೆ ಕೈಗೆ ಬಂದಾಗ ನನಗೆ ನೆನಪಾದದ್ದು ಕ್ಯಾಲಮೈನ್ ಸೀಸೆ!

ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಟ್ಟರು. ತುರಿಕೆ ಅಷ್ಟಿಷ್ಟು ತಗ್ಗಿತು. ಮಾತ್ರೆ ಮಗುವನ್ನು ಕಾಯುತ್ತದೆಂದು ನಂಬಿ ರಕ್ತಪರೀಕ್ಷೆ ತಪ್ಪಿಸಬೇಡಿ ಎಂದು ಅವರೇ ಎಚ್ಚರಿಸಿದ್ದರು. ವಾರವಾರ ರಕ್ತ ಕೊಟ್ಟೆ, 38 ವಾರಕ್ಕೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಮಗಳು ಚೆನ್ನಾಗಿದ್ದಾಳೆ. ಓರಗಿತ್ತಿ ಮಾತ್ರ ನಾನು ಪಾನಕ ನೆಟ್ಟಗೆ ಕುಡಿಯಲಿಲ್ಲ ಅಂತಲೇ ಇವತ್ತಿಗೂ ಹೇಳುತ್ತಾರೆ.

ಸಲಹೆ ಕೇಳುವವರಿಗೆ: ಉಗುರು ಕತ್ತರಿಸಿಕೊಳ್ಳಿ, ಹತ್ತಿ ಬಟ್ಟೆ ಉಡಿ, ತಣ್ಣೀರಲ್ಲಿ ಮೈ ತೊಳೆಯಿರಿ. ಅದರಿಂದ ಆ ರಾತ್ರಿ ಕಳೆದೀತು, ಅಷ್ಟೇ. ಅಂಗೈ ಅಂಗಾಲು ತುರಿಸಿದರೆ ಮರುದಿನವೇ ಪರೀಕ್ಷೆ ಬರೆಸಿಕೊಳ್ಳಿ. ವರದಿ ಸರಿಯಿದ್ದು ತುರಿಕೆ ನಿಲ್ಲದಿದ್ದರೆ ಮತ್ತೆ ಮಾಡಿಸಿ, ಆಮ್ಲ ತಡವಾಗಿಯೂ ಏರಬಹುದು. ಮುಂದಿನ ಬಸಿರಿನಲ್ಲಿ ಮರುಕಳಿಸುವುದು ಸಾಮಾನ್ಯ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯಿಂದಲೂ ತುರಿಕೆ ಬರಬಹುದು, ಹಾಗಾಗಿ ಅದನ್ನು ಬರೆಸಿಕೊಳ್ಳುವಾಗ ಇದನ್ನು ಹೇಳಬೇಕು. ನನ್ನ ಡಿಸ್ಚಾರ್ಜ್ ಹಾಳೆಯಲ್ಲಿ ಕಾಯಿಲೆಯ ಹೆಸರೇ ಇರಲಿಲ್ಲ. ಬಾಣಂತಿ ಹೊರಗೆ ನಿಲ್ಲಬಾರದು ಎಂದು ಅಮ್ಮ ಬೈಯುತ್ತಿದ್ದರೂ ಕೌಂಟರಿನ ಮುಂದೆ ನಿಂತು ಬರೆಸಿಕೊಂಡೇ ಹೊರಟೆ.