ನೋಟಿಸು ಬಂದಿದೆ, ಮನೆ ಇನ್ನೂ ನಿಮ್ಮದೇ

ಹೂವಿನ ಹಿಪ್ಪರಗಿಯ ಸಹೋದರಿಗೆ,

ಗಾಬರಿಯಾಗಬೇಡಿ. ನಿಮ್ಮ ಬಾಗಿಲಿಗೆ ಅಂಟಿಸಿರುವುದು 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು. 60 ದಿನಗಳ ಗಡುವಿದೆ. ಅದರೊಳಗೆ ಬ್ಯಾಂಕಿಗೆ ಲಿಖಿತ ಆಕ್ಷೇಪಣೆ ಕೊಡಿ. ಕಟ್ಟಿದ ಕಂತು ಖಾತೆಗೆ ಜಮೆಯಾಗಿಲ್ಲ ಎಂದಿದ್ದೀರಿ; ಆ ರಸೀದಿಗಳ ನಕಲು ಲಗತ್ತಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆ ರಸೀದಿ ಜೋಪಾನವಾಗಿಡಿ. 15 ದಿನಗಳೊಳಗೆ ಬ್ಯಾಂಕು ಕಾರಣಸಹಿತ ಉತ್ತರಿಸಲೇಬೇಕು. ‘ನೋಡೋಣ ಬಿಡ್ರಿ’ ಎಂಬ ಬಾಯಿಮಾತು ನಂಬಿ ದಯವಿಟ್ಟು ಸುಮ್ಮನೆ ಕೂಡಬೇಡಿ.

ಮುಂದೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡರೆ, 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಬಾಗೇವಾಡಿಯ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರೆ 34ನೇ ಕಲಂ ಅಡ್ಡ ಬರುತ್ತದೆ. ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಬ್ಯಾಂಕಿನ ಕ್ರಮ ತಪ್ಪೆಂದು ಸಾಬೀತಾದರೆ ಮನೆ ಮರಳಿಸಲು ಮಂಡಳಿ ಆದೇಶಿಸಬಹುದು, ಪರಿಹಾರವನ್ನೂ ಕೊಡಿಸಬಹುದು.

ಯಜಮಾನರ ಹೊಲವನ್ನೂ ಹರಾಜು ಹಾಕುತ್ತೇವೆಂದು ಹೆದರಿಸಿದರಂತೆ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಬಾಕಿಯು ಅಸಲು-ಬಡ್ಡಿಯ ಶೇ 20ಕ್ಕಿಂತ ಕಡಿಮೆಯಿದ್ದರೂ ಅಷ್ಟೇ, ಆದ್ದರಿಂದ ಲೆಕ್ಕಪಟ್ಟಿ ಕೇಳಿ ಪಡೆಯಿರಿ.

ವಕೀಲರ ಖರ್ಚಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ರಸೀದಿಗಳ ಸಮೇತ ನಾಳೆಯೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ.