ತಡೆದುಕೊಳ್ಳುವುದು ಐದನೆಯ ಗುಣ



ಧಮ್ಮಬಂಧುಗಳೇ, ಇಂದಿನ ಚಿಂತನೆ ನಮ್ಮ ಸ್ವಭಾವಕ್ಕೂ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ. ಭಾನುವಾರದ ಅಧ್ಯಯನದಲ್ಲಿ ಒಬ್ಬ ಉಪಾಸಿಕೆ ಕೇಳಿದರು: "ಮನಸ್ಸು ಚೆನ್ನಾಗಿದ್ರೆ ಕಾಯಿಲೆ ಹತ್ತಿರ ಸುಳಿಯಲ್ಲ ಅಂತಾರಲ್ಲ ಸರ್, ಹಾಗಾದ್ರೆ ಕಾಯಿಲೆ ಬಿದ್ದವರ ಮನಸ್ಸು ಕೆಟ್ಟದ್ದಾ?"

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಿನ್ನ ಕಷ್ಟಕ್ಕೆ ನಿನ್ನ ಹಿಂದಿನ ಜನ್ಮದ ಕರ್ಮವೇ ಕಾರಣ ಎಂದು ನಮ್ಮ ಹಿರಿಯರಿಗೆ ತಲೆತಲಾಂತರದಿಂದ ಹೇಳುತ್ತಾ ಬಂದರು. ಅದೇ ಮಾತು ಈಗ ವೇಷ ಬದಲಿಸಿ, 'ನೀನು ಪಾಸಿಟಿವ್ ಆಗಿ ಯೋಚಿಸಲಿಲ್ಲ, ಅದಕ್ಕೇ ಕಾಯಿಲೆ ಬಂತು' ಎಂದು ಬಂದರೆ ನಾವು ಒಪ್ಪಬೇಕಾಗಿಲ್ಲ. ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಭಗವಾನರನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ? ಹಾಗೆನ್ನುವವರು ತಪ್ಪು ಎಂದು ಹೇಳಿ ಭಗವಾನರು ಎಂಟು ಕಾರಣಗಳನ್ನು ಎಣಿಸುತ್ತಾರೆ. ಪಿತ್ತ, ಕಫ, ವಾತ, ಈ ಮೂರೂ ಕೂಡಿ ಆಗುವ ಏರುಪೇರು, ಋತುಗಳ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಕೊನೆಯಲ್ಲಿ ಕರ್ಮಫಲ. ಇದರಲ್ಲಿ ಆರನೆಯದನ್ನು ಗಮನಿಸಿ. ನಮ್ಮ ಸ್ವಭಾವ ಆರೋಗ್ಯದ ಮೇಲೆ ಪರಿಣಾಮ ಬೀರುವುದು ಹೆಚ್ಚಾಗಿ ಈ ಬಾಗಿಲಿನಿಂದ. ಉಳಿದ ಕಾರಣಗಳಿಗೆ ಕಾಯಿಲೆಯವರ ಮನಸ್ಸನ್ನು ದೂರುವುದು ಧಮ್ಮಕ್ಕೆ ಒಪ್ಪುವ ಮಾತಲ್ಲ.

ಹಾಗಾದರೆ ಯಾವ ಸ್ವಭಾವ ಆರೋಗ್ಯವನ್ನು ಕಾಯುತ್ತದೆ? ಲೂಯಿಸ್ ಟರ್ಮನ್ ಎಂಬ ಅಮೆರಿಕದ ಮನೋವಿಜ್ಞಾನಿ 1921ರಲ್ಲಿ ಕ್ಯಾಲಿಫೋರ್ನಿಯಾದ ಸುಮಾರು 1,500 ಜಾಣ ಮಕ್ಕಳ ಅಧ್ಯಯನ ಶುರುಮಾಡಿದರು. ಅವರು ತೀರಿಕೊಂಡ ಮೇಲೂ ಅದು ಮುಂದುವರಿಯಿತು. ಹೊವಾರ್ಡ್ ಫ್ರೀಡ್‌ಮನ್ ಮತ್ತು ಸಂಗಡಿಗರು ಆ ಮಕ್ಕಳು ಎಷ್ಟು ಕಾಲ ಬದುಕಿದರೆಂದು ನೋಡಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕ್ಕಂದಿನಲ್ಲಿ ತಂದೆತಾಯಿ ಮತ್ತು ಶಿಕ್ಷಕರು ಯಾರನ್ನು 'ಜವಾಬ್ದಾರಿ ಇದೆ, ಮುಂದಾಲೋಚನೆ ಇದೆ' ಎಂದು ಗುರುತಿಸಿದ್ದರೋ ಅವರು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕಿದ್ದರು. ಸದಾ ನಗುನಗುತ್ತಾ ಹಗುರವಾಗಿದ್ದ ಮಕ್ಕಳ ಆಯಸ್ಸು ಸ್ವಲ್ಪ ಕಡಿಮೆಯೇ ಇತ್ತು. ಬರೀ ಉಲ್ಲಾಸದಿಂದ ಆಯಸ್ಸು ಹೆಚ್ಚಲಿಲ್ಲ, ಜಾಗರೂಕತೆ ನೆರವಿಗೆ ಬಂತು.

ಈ ಜಾಗರೂಕತೆಯನ್ನು ಒಳಗೊಂಡ, ಅದಕ್ಕಿಂತ ದೊಡ್ಡ ಗುಣವೊಂದು ನಮ್ಮ ಧಮ್ಮದಲ್ಲಿದೆ: ಅಪ್ಪಮಾದ, ಅಂದರೆ ಮೈಮರೆಯದಿರುವುದು. ಧಮ್ಮಪದದ ಎರಡನೆಯ ವಗ್ಗ ಪೂರ್ತಿ ಅದರ ಬಗ್ಗೆಯೇ. ಮಹಾಪರಿನಿಬ್ಬಾನದ ಹೊತ್ತಿನಲ್ಲಿ ತಥಾಗತರು ಭಿಕ್ಖುಗಳಿಗೆ ಕೊಟ್ಟ ಕಡೆಯ ಬುದ್ಧಿಮಾತೂ ಅದೇ.

ಆದರೆ ಆ ಅಧ್ಯಯನದ ಮಕ್ಕಳಲ್ಲಿ ಹೆಚ್ಚಿನವರು ಬಿಳಿಯರು, ಅನುಕೂಲವಿದ್ದ ಮನೆಯವರು. ತುಳಿತಕ್ಕೆ ಸಿಕ್ಕ ಜನರ ಬದುಕಿನ ಬಗ್ಗೆ ಇನ್ನೊಂದು ಅಧ್ಯಯನವನ್ನು ನಾವು ತಿಳಿದಿರಬೇಕು. ಶರ್ಮನ್ ಜೇಮ್ಸ್ ಎಂಬ ಕಪ್ಪು ಸಂಶೋಧಕರು ನಾರ್ತ್ ಕ್ಯಾರೊಲಿನಾದಲ್ಲಿ ಜಾನ್ ಹೆನ್ರಿ ಮಾರ್ಟಿನ್ ಎಂಬ ರೈತರನ್ನು ಕಂಡರು. ಮಾರ್ಟಿನ್ 1907ರಲ್ಲಿ ಹುಟ್ಟಿದ ಕಪ್ಪು ಜನಾಂಗದವರು, ಎರಡನೇ ತರಗತಿಯ ಆಚೆ ಓದಿರಲಿಲ್ಲ. ಬೇರೆಯವರ ಹೊಲವನ್ನು ಪಾಲಿಗೆ ಮಾಡುವ ಬದುಕಿನಿಂದ ಬಿಡಿಸಿಕೊಂಡು, ಹಗಲಿರುಳು ದುಡಿದು, 40 ವರ್ಷದ ಹೊತ್ತಿಗೆ 75 ಎಕರೆ ಸ್ವಂತ ಭೂಮಿ ಮಾಡಿಕೊಂಡಿದ್ದರು. 60ರ ಹತ್ತಿರ ಬರುವಷ್ಟರಲ್ಲಿ ರಕ್ತದೊತ್ತಡ, ಸಂಧಿವಾತ, ಹೊಟ್ಟೆಹುಣ್ಣು ಮೂರೂ ಹಿಡಿದಿದ್ದವು. ಅಮೆರಿಕದ ಕಪ್ಪು ಜನರ ಜನಪದ ಕಥೆಯಲ್ಲಿ ಇನ್ನೊಬ್ಬ ಜಾನ್ ಹೆನ್ರಿ ಇದ್ದಾನೆ. ಅವನು ಬಂಡೆ ಕೊರೆಯುವ ಯಂತ್ರದ ಜೊತೆ ಪೈಪೋಟಿಗಿಳಿದು, ಬರೀ ಸುತ್ತಿಗೆಯಿಂದ ಗೆದ್ದು, ಗೆದ್ದ ಜಾಗದಲ್ಲೇ ಸತ್ತ ಕೂಲಿಕಾರ. ಎಷ್ಟೇ ಅಡ್ಡಿ ಬಂದರೂ ನಾನೊಬ್ಬನೇ ದುಡಿದು ದಾಟುತ್ತೇನೆ ಎನ್ನುವ ಈ ಹಟಕ್ಕೆ ಜೇಮ್ಸ್ 'ಜಾನ್ ಹೆನ್ರಿಯಿಸಂ' ಎಂದು ಹೆಸರಿಟ್ಟರು. 1983ರಿಂದ ಅವರು ಪ್ರಕಟಿಸಿದ ಅಧ್ಯಯನಗಳಲ್ಲಿ, ಓದು ಮತ್ತು ಆಸರೆ ಕಡಿಮೆ ಇದ್ದು ಈ ಹಟ ಮಾತ್ರ ಬಲವಾಗಿದ್ದ ಕಪ್ಪು ಜನರಲ್ಲಿ ರಕ್ತದೊತ್ತಡ ಹೆಚ್ಚು ಕಂಡಿತು. ಮುಂದೆ ಬೇರೆ ಕಡೆ ನಡೆದ ಎಲ್ಲ ಅಧ್ಯಯನಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ. ಆದರೂ ಇದು ಯೋಚಿಸಬೇಕಾದ ವಿಷಯ.

ಇದನ್ನು ಓದುವಾಗ ನನ್ನ ಕಣ್ಣಮುಂದೆ ಬಂದದ್ದು ನಮ್ಮದೇ ಮನೆಗಳು. ಮನೆಗೆ ಮೊದಲ ನೌಕರಿ ತಂದವರು, ತಮ್ಮ ತಂಗಿಯರ ಫೀಸು, ಮನೆ ಸಾಲ, ಊರಿನ ಖರ್ಚು ಎಲ್ಲವನ್ನೂ ಒಂದೇ ಹೆಗಲಿಗೆ ಹಾಕಿಕೊಂಡವರು. ರಿಸರ್ವೇಶನ್‌ನಲ್ಲಿ ಬಂದವನೆಂದು ಯಾರೂ ಬೆರಳು ತೋರಿಸಬಾರದೆಂದು ಆಫೀಸಿನಲ್ಲಿ ಎರಡು ಪಾಲು ದುಡಿಯುವವರು. ತಲೆ ಸುತ್ತಿ ಗೋಡೆ ಹಿಡಿದು ನಿಂತರೂ "ನನಗೇನಾಗಿದೆ, ಕಲ್ಲಿನ ಹಾಗಿದ್ದೀನಿ" ಎನ್ನುವ ತಾಯಂದಿರು. ಆ ತಾಳ್ಮೆಯಿಂದಲೇ ನಾವು ಇಲ್ಲಿಯವರೆಗೆ ಬಂದದ್ದು, ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಬಿಪಿ, ಶುಗರ್ ಎಷ್ಟೋ ಸಲ ವರ್ಷಗಟ್ಟಲೆ ನೋಯಿಸುವುದೇ ಇಲ್ಲ. ತಡೆದುಕೊಳ್ಳಲು ನೋವೇ ಇಲ್ಲದ ಕಡೆ ತಾಳ್ಮೆ ಏನು ಮಾಡೀತು?

ಇಲ್ಲಿ ವಿನಯ ಪಿಟಕದ ಮಹಾವಗ್ಗ ನಮಗೆ ದಾರಿ ತೋರಿಸುತ್ತದೆ. ಒಬ್ಬ ಭಿಕ್ಖು ಹೊಟ್ಟೆ ಕೆಟ್ಟು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ನಾನು ಯಾರಿಗೂ ಉಪಯೋಗಕ್ಕೆ ಬಂದವನಲ್ಲ, ಹಾಗಾಗಿ ಯಾರೂ ನೋಡುತ್ತಿಲ್ಲ ಎಂದು ಅವನು ಹೇಳಿದ. ಭಗವಾನರು ತಾವೇ ನೀರು ಹೊಯ್ದರು, ಆನಂದರು ಮೈ ತೊಳೆದರು, ಇಬ್ಬರೂ ಸೇರಿ ಅವನನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿ, ಇಲ್ಲಿ ನಿಮಗೆ ತಾಯಿಯಿಲ್ಲ ತಂದೆಯಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡಬೇಕು ಎಂದು ಕೇಳಿದರು. ಅದೇ ಸಂದರ್ಭದಲ್ಲಿ ಯಾವ ರೋಗಿಯ ಆರೈಕೆ ಸುಲಭ ಎಂಬುದನ್ನೂ ತಿಳಿಸಿದರು. ಅಂಥ ರೋಗಿಗೆ ಐದು ಗುಣ:

1. ದೇಹಕ್ಕೆ ಒಗ್ಗುವುದನ್ನು ಮಾಡುತ್ತಾನೆ.
2. ಒಗ್ಗುವುದರಲ್ಲೂ ಮಿತಿ ತಿಳಿದಿರುತ್ತಾನೆ.
3. ಔಷಧಿ ತೆಗೆದುಕೊಳ್ಳುತ್ತಾನೆ.
4. ತನ್ನ ಹಿತ ಬಯಸಿ ನೋಡಿಕೊಳ್ಳುವವರಿಗೆ ಕಾಯಿಲೆ ಹೆಚ್ಚಿದೆಯೋ, ಇಳಿದಿದೆಯೋ, ಹಾಗೇ ಇದೆಯೋ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ.
5. ನೋವನ್ನು ತಡೆದುಕೊಳ್ಳುತ್ತಾನೆ.

ಕ್ರಮ ನೋಡಿ. ನಾವು ಮೊದಲು ಕಲಿತ ಗುಣ ಇಲ್ಲಿ ಐದನೆಯದು. ಪಥ್ಯ, ಮಿತಿ, ಔಷಧಿ, ಸತ್ಯ ಹೇಳುವುದು ಇವೆಲ್ಲ ಅದಕ್ಕೆ ಮುಂಚೆ ಬಂದಿವೆ. ಈ ನಾಲ್ಕೂ ಇದ್ದು ಉಳಿದ ನೋವನ್ನು ತಡೆದುಕೊಂಡರೆ ಅದು ಧೈರ್ಯ. ಈ ನಾಲ್ಕನ್ನೂ ಬಿಟ್ಟು ಬರೀ ತಡೆದುಕೊಂಡರೆ ಭಗವಾನರು ಹೇಳಿದ ಆ ಆರನೆಯ ಕಾರಣಕ್ಕೆ ನಾವೇ ಬಾಗಿಲು ತೆರೆದಂತೆ.

ಬಾಬಾಸಾಹೇಬರಿಗಿಂತ ಹೆಚ್ಚು ಭಾರ ಹೊತ್ತವರು ಯಾರಿದ್ದಾರೆ? ಮಧುಮೇಹವಿತ್ತು, ಕಾಲುನೋವು ಕಾಡುತ್ತಿತ್ತು, ಕೊನೆಯ ವರ್ಷಗಳಲ್ಲಿ ದೃಷ್ಟಿ ಮಂದವಾಗುತ್ತಿತ್ತು. ಆದರೆ ಅವರು ಕಾಯಿಲೆಯನ್ನು ಮುಚ್ಚಿಡಲಿಲ್ಲ. ಆಪ್ತರಿಗೆ ಬರೆದ ಪತ್ರಗಳಲ್ಲಿ ತಮ್ಮ ಅನಾರೋಗ್ಯವನ್ನು ಹೇಳಿಕೊಂಡಿದ್ದಾರೆ. ಚಿಕಿತ್ಸೆಗೆ ಮುಂಬೈಗೆ ಹೋದರು. ತಮ್ಮನ್ನು ನೋಡಿಕೊಳ್ಳುವವರ ಅಗತ್ಯವಿದೆ ಎಂಬುದನ್ನು ಒಪ್ಪಿಕೊಂಡರು. 1948ರ ಏಪ್ರಿಲ್ 15ರಂದು ಅವರು ಮದುವೆಯಾದ ಸವಿತಾ ಮಾಯಿಯವರು ವೈದ್ಯೆಯಾಗಿದ್ದರು. ಅದಾದ ಮೇಲೆ 8 ವರ್ಷಗಳಲ್ಲಿ ಸಂವಿಧಾನದ ಕೆಲಸ ಮುಗಿಯಿತು, 'ಬುದ್ಧ ಮತ್ತು ಆತನ ಧಮ್ಮ' ಬರೆದಾಯಿತು, 1956ರ ಅಕ್ಟೋಬರ್ 14ರ ನಾಗಪುರದ ದೀಕ್ಷೆಯೂ ಆಯಿತು. ಸಹಾಯ ಪಡೆದದ್ದರಿಂದ ಅವರ ಗೌರವಕ್ಕೆ ಏನೂ ಕುಂದು ಬರಲಿಲ್ಲ. ಅಂದು ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಅದು ಶೀಲ, ಅದೇ ಆರೋಗ್ಯವೂ ಹೌದು.

"ನನ್ನ ಸ್ವಭಾವವೇ ಹೀಗೆ, ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಕೆಲವರು ಹೇಳುವುದುಂಟು. ಹುಟ್ಟಿನಿಂದಲೇ ಎಲ್ಲ ತೀರ್ಮಾನವಾಗುತ್ತದೆ ಎಂಬ ಮಾತನ್ನು ಬಿಟ್ಟು ಬಂದವರು ನಾವು, ಇದನ್ನು ಮಾತ್ರ ಹೇಗೆ ನಂಬೋಣ? ಕೋಸಲದ ರಾಜ ಪಸೇನದಿ ಹೊಟ್ಟೆ ಬಿರಿಯೆ ಉಂಡು, ಏದುಸಿರು ಬಿಡುತ್ತಾ ಭಗವಾನರ ಬಳಿ ಬಂದ. ಊಟದಲ್ಲಿ ಮಿತಿ ತಿಳಿದವನ ನೋವು ಕಡಿಮೆಯಾಗುತ್ತದೆ ಎಂಬ ಅರ್ಥದ ಒಂದು ಗಾಥೆಯನ್ನು ಭಗವಾನರು ಹೇಳಿದರು. ರಾಜ ಏನು ಮಾಡಿದ? ಸುದಸ್ಸನನೆಂಬ ಯುವಕನಿಗೆ ಅದನ್ನು ಬಾಯಿಪಾಠ ಮಾಡಿಸಿ, ದಿನವೂ ತನ್ನ ಊಟದ ಹೊತ್ತಿಗೆ ಹೇಳಲು ನೇಮಿಸಿದ. ದಿನ ಕಳೆದಂತೆ ಊಟ ಇಳಿಯಿತು, ಮೈ ಹಗುರಾಯಿತು. ರಾಜನಿಗೂ ನೆನಪಿಸುವ ಒಬ್ಬ ಮನುಷ್ಯ ಬೇಕಾಯಿತು ಅಂದಮೇಲೆ ನಮಗೆ ಬೇಕಾದರೆ ನಾಚಿಕೆ ಏಕೆ?

ಇಂದಿನ ಅಭ್ಯಾಸ: 30 ದಾಟಿದವರು ಬಿಪಿ, ಶುಗರ್ ನೋಡಿಸಿ ವರ್ಷವಾಗಿದ್ದರೆ ಈ ವಾರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ಒಬ್ಬರೇ ಹೋಗಬೇಡಿ, ಮನೆಯಲ್ಲಿ "ನನಗೇನಾಗಿದೆ" ಎನ್ನುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ರಾತ್ರಿ ಧ್ಯಾನಕ್ಕೆ ಕೂರುವ ಮೊದಲು, ದೇಹದಲ್ಲಿ ಏನು ನಡೆದಿದೆ ಎಂಬುದನ್ನು ನಿಮ್ಮ ಹಿತ ಬಯಸುವ ಒಬ್ಬರಿಗೆ ಇದ್ದದ್ದು ಇದ್ದಂತೆ ಹೇಳಿ.

ರೋಗಿಯನ್ನು ನೋಡಿಕೊಳ್ಳುವವರಿಗೆ ಇರಬೇಕಾದ ಐದು ಗುಣಗಳನ್ನೂ ಮಹಾವಗ್ಗದ ಅದೇ ಭಾಗದಲ್ಲಿ ಹೇಳಿದೆ. ಅದು ನಾಳಿನ ಚಿಂತನೆ.

ನಮೋ ಬುದ್ಧಾಯ. ಜೈಭೀಮ್.